ಕೋಲಾರದ ಕಡೆಯ ಹಳೇ ಟೋಪೋಶೀಟ್‌ನಲ್ಲಿ ನಮ್ಮ ಊರಿನ ಬಗ್ಗೆ ಏನೇನು ತಿಳಿಯುತ್ತೆ?

ಟೋಪೋಶೀಟ್ ಅಂದರೆ ನೆಲದ ಏರುತಗ್ಗು, ನೀರು, ದಾರಿ, ಊರುಗಳನ್ನ ತೋರಿಸೋ ನಕ್ಷೆಯ ಹಾಳೆ. ನಿಮ್ಮ ಹತ್ತಿರ ಇರೋದು ಸರ್ವೆ ಆಫ್ ಇಂಡಿಯಾದ ಮೈಲಿಗೊಂದು ಇಂಚಿನ ಹಾಳೆ, ಅಂದರೆ ನೆಲದ ಒಂದು ಮೈಲಿ ನಕ್ಷೆಯಲ್ಲಿ ಒಂದು ಇಂಚು, ಅಂದಿದ್ದೀರಿ. ಹಾಗಿದ್ದರೆ ಮೊದಲು ಅಂಚಿನಲ್ಲಿರೋ ಇಸವಿಗಳನ್ನ ನೋಡಿ. ಅಚ್ಚಾದ ವರ್ಷ ಬೇರೆ, ಅಳತೆ ಮಾಡಿದ ವರ್ಷ ಬೇರೆ. ನಿಮಗೆ ಬೇಕಾದ್ದು ಎರಡನೆಯದು.

ಆಮೇಲೆ ನಾನಾದರೆ ಊರು ಬಿಟ್ಟು ನೀರು ಹುಡುಕ್ತೀನಿ. ನಮ್ಮ ಬಯಲುಸೀಮೆಯಲ್ಲಿ ಕೆರೆಗಳು ಸರಪಳಿಯ ಹಾಗೆ: ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಳ್ಳದ ಗೆರೆ ಹಿಡಿದು ಇಳಿಯುತ್ತಾ ಹೋದರೆ ನಿಮ್ಮೂರಿನ ಗದ್ದೆಬಯಲು ಯಾವ ಊರಿನ ಕೋಡಿಯನ್ನ ನಂಬಿಕೊಂಡಿತ್ತು ಅಂತ ಸಿಗುತ್ತೆ. ಏರಿಯ ಪಕ್ಕ ಸಣ್ಣ ಅಂಕಿ, ಅದಕ್ಕಂಟಿದ ಇಂಗ್ಲಿಷಿನ ‘ಆರ್’ ಅಕ್ಷರ ಕಂಡರೆ ಅದು ಸುತ್ತಲ ನೆಲದಿಂದ ಏರಿಯ ಎತ್ತರ, ಹಳೇ ಹಾಳೆಗಳಲ್ಲಿ ಅಡಿ ಲೆಕ್ಕ. ಅದೇ ಜಾಗವನ್ನ ಈಗಿನ ಉಪಗ್ರಹ ಚಿತ್ರದಲ್ಲಿ ನೋಡಿ. ಕೆರೆ ಯಾಕೆ ತುಂಬೋಲ್ಲ ಅನ್ನೋ ಜಗಳಕ್ಕೆ ಎಷ್ಟೋ ಸಲ ಅಲ್ಲೇ ಉತ್ತರ ಇರುತ್ತೆ, ಕಾಲುವೆ ಇದ್ದ ಕಡೆ ಲೇಔಟು ಎದ್ದಿರುತ್ತೆ.

ದಾರಿಗಳೂ ಮಾತಾಡ್ತವೆ. ಈಗಿನ ಡಾಂಬರು ರಸ್ತೆಗಳೆಲ್ಲ ತಾಲ್ಲೂಕು ಕೇಂದ್ರದ ಕಡೆ. ಹಾಳೆಯ ಬಂಡಿ ಜಾಡು, ಕಾಲುದಾರಿಗಳು ಊರಿಂದ ಊರಿಗೆ ನೇರ. ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರೋದು ಇದೇ ದಾರಿಗಳಲ್ಲಿ ನಡೀತಿತ್ತು ಅನ್ನೋದು ನನ್ನ ಊಹೆ, ಮನೆಯ ಹಿರಿಯರನ್ನ ಕೇಳಿ ನೋಡಿ.

ಪಾಳುಬಿದ್ದ ಹಳ್ಳಿಗೆ ಬೇರೆ ಗುರುತೇ ಇದೆ. ಕಂದಾಯದವರ ಬಾಯಲ್ಲಿ ಅದು ಬೇಚರಾಕ್ ಗ್ರಾಮ. ಜನ ಯಾಕೆ ಬಿಟ್ಟರು ಅಂತ ನಕ್ಷೆ ಹೇಳೋಲ್ಲ. ‘ಪ್ಲೇಗು’ ಅನ್ನೋ ಉತ್ತರ ಸಾಮಾನ್ಯವಾಗಿ ಬರುತ್ತೆ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಬಂದದ್ದು ನಿಜ, ಆದರೂ ಎಲ್ಲ ಪಾಳೂರನ್ನೂ ಅದರ ತಲೆಗೆ ಕಟ್ಟೋದು ಬೇಡ.

ಇನ್ನೊಂದನ್ನ ಜನ ನೋಡೋದೇ ಇಲ್ಲ. ಊರಿನ ಮನೆಗಳನ್ನ ತೋರಿಸೋ ಕೆಂಪು ಚೌಕಗಳ ಗುಂಪಿನಿಂದ ಸ್ವಲ್ಪ ದೂರದಲ್ಲಿ, ನಡುವೆ ಹೊಲ ಬಿಟ್ಟು, ಹೆಸರಿಲ್ಲದ ಇನ್ನೊಂದು ಪುಟ್ಟ ಗುಂಪು ಇದೆಯಾ? ದೇವಸ್ಥಾನದ ಗುರುತು, ಬಾವಿಯ ನೀಲಿ ಸೊನ್ನೆ ಎಲ್ಲ ಯಾವ ಕಡೆ ಇವೆ? ಹಾಳೆಯಲ್ಲಿ ಜಾತಿ ಬರೆದಿರೋಲ್ಲ. ಆದರೆ ಬಹಳ ಊರುಗಳಲ್ಲಿ ಆ ಹೆಸರಿಲ್ಲದ ಗುಂಪು ದಲಿತರ ಕೇರಿಯೇ ಆಗಿರುತ್ತೆ. ಅಲ್ಲಿನವರು ನೀರಿಗೆ ಎಷ್ಟು ದೂರ ನಡೀಬೇಕಿತ್ತು ಅನ್ನೋದನ್ನ ಸ್ಕೇಲಿಟ್ಟು ಅಳೀಬಹುದು.

ಗೋಮಾಳ ಒತ್ತುವರಿ ವಿಚಾರಕ್ಕೆ ಮಾತ್ರ ಇದನ್ನ ಹಿಡಿದು ತಹಶೀಲ್ದಾರರ ಹತ್ತಿರ ಹೋಗಬೇಡಿ. ಇದರಲ್ಲಿ ಸರ್ವೆ ನಂಬರ್ ಇರೋಲ್ಲ, ಅದಕ್ಕೆ ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯೇ ಬೇಕು.