ಸರ ಹಾಕಿಕೊಂಡವರು ಒಬ್ಬರು, ಊರು ನಡೆಸುವವರು ಇನ್ನೊಬ್ಬರು

(ಬೆಂಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ. ಪತ್ರದ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ 'ಓಸ್ಲೋ ಮೇಯರ್ ನಗರದ ಮಧ್ಯಭಾಗದಿಂದ ಕಾರುಗಳನ್ನು ಹೊರಗೆ ಕಳಿಸಿದರು' ಎಂದು ಬರೆದಿದ್ದೀರಿ. ನನ್ನ ಮಗಳು ಎಂಟು ವರ್ಷದಿಂದ ಓಸ್ಲೋದಲ್ಲಿದ್ದಾಳೆ. ಅಲ್ಲಿನ ಮೇಯರ್‌ಗೆ ಅಂಥ ಅಧಿಕಾರವೇ ಇಲ್ಲ ಅಂತಾಳೆ. ಹಾಗಾದರೆ ಯಾರಿಗಿದೆ? 2019ರಲ್ಲಿ ಎಲ್ಲರಿಗಿಂತ ಜಾಸ್ತಿ ಸೀಟು ಗೆದ್ದ ಪಕ್ಷ ವಿರೋಧದಲ್ಲಿ ಕೂತಿತ್ತಂತೆ, ಅದು ಹೇಗೆ? ಇನ್ನೊಂದು ವಿಷಯ. 2023ರಲ್ಲಿ ಮಗಳಿಗೆ ಮತದಾನದ ಕಾರ್ಡ್ ಬಂತು. ಅವಳದ್ದು ಭಾರತದ ಪಾಸ್‌ಪೋರ್ಟ್. ತಪ್ಪಿ ಬಂದಿರಬೇಕು ಅಂತ ಡ್ರಾಯರ್‌ನಲ್ಲಿ ಇಟ್ಟುಬಿಟ್ಟಳು. ನಾನು ಬೆಂಗಳೂರಿನಲ್ಲಿ ಪಾಲಿಕೆಗೆ ಕೊನೆಯ ಸಲ ಓಟು ಹಾಕಿದ್ದು 2015ರಲ್ಲಿ. ಅದಕ್ಕೋ ಏನೋ, ಆ ಕಾರ್ಡಿನ ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.")

ಮೇಡಂ, ನಮಸ್ಕಾರ.

ನಿಮ್ಮ ಮಗಳು ಹೇಳಿದ್ದು ಸರಿ. ನಾವು ಬರೆದದ್ದು ತಪ್ಪು. ಆ ಸಾಲನ್ನು ಅಚ್ಚಿಗೆ ಕಳಿಸುವ ಮೊದಲು ನಾನೇ ನೋಡಿದ್ದೆ. 'ಮೇಯರ್' ಎಂಬ ಪದ ಕಂಡ ಕೂಡಲೇ ಊರಿನ ಯಜಮಾನ ಅಂತ ಅಂದುಕೊಂಡುಬಿಟ್ಟೆ. ಅದಕ್ಕೆ ಕ್ಷಮೆ ಇರಲಿ. ನೀವು ಕೇಳಿದ ಪ್ರಶ್ನೆ ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಓಸ್ಲೋದ ಮೇಯರ್‌ಗೆ ನಾರ್ವೆಯ ಭಾಷೆಯಲ್ಲಿ 'ಊರ್‌ಫೋರರ್' ಎನ್ನುತ್ತಾರೆ. 'ಊರ್' ಎಂದರೆ ಮಾತು, 'ಫೋರರ್' ಎಂದರೆ ನಡೆಸುವವರು. ಮಾತು ನಡೆಸುವವರು, ಅಷ್ಟೆ. ನಗರಸಭೆ ಸೇರಿದಾಗ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದು, ಯಾರು ಯಾವಾಗ ಮಾತಾಡಬೇಕು ಎಂದು ನೋಡಿಕೊಳ್ಳುವುದು, ಊರಿನ ಪರವಾಗಿ ಅತಿಥಿಗಳನ್ನು ಬರಮಾಡಿಕೊಳ್ಳುವುದು ಅವರ ಕೆಲಸ. ದೊಡ್ಡ ಸಮಾರಂಭಗಳಲ್ಲಿ ಕೊರಳಿಗೆ ಅಧಿಕಾರದ ಸರ ಹಾಕಿಕೊಳ್ಳುತ್ತಾರೆ. 1947ರಿಂದ ಪ್ರತಿ ವರ್ಷ ಓಸ್ಲೋ ನಗರ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಒಂದು ಕ್ರಿಸ್ಮಸ್ ಮರ ಕಳಿಸುತ್ತದೆ. ಯುದ್ಧಕಾಲದಲ್ಲಿ ಬ್ರಿಟನ್ ಮಾಡಿದ ಸಹಾಯಕ್ಕೆ ಅದು ಕೃತಜ್ಞತೆ. ಅಂಥ ಕಡೆ ಓಸ್ಲೋದ ಮುಖವಾಗಿ ನಿಲ್ಲುವವರು ಮೇಯರ್. ಇದು ಗೌರವದ ಸ್ಥಾನವೇ. ಆದರೆ ಬೀದಿಯಲ್ಲಿ ಪಾರ್ಕಿಂಗ್ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಸ್ಥಾನ ಅಲ್ಲ.

ಆ ತೀರ್ಮಾನ ಮಾಡುವುದು ನಗರದ ಸಂಪುಟ. ಹೌದು, ಓಸ್ಲೋ ನಗರಕ್ಕೆ ತನ್ನದೇ ಒಂದು ಮಂತ್ರಿಮಂಡಲ ಇದೆ. ಅದಕ್ಕೊಬ್ಬರು ಮುಖ್ಯಸ್ಥರು, ಅವರ ಜೊತೆ ಹಣಕಾಸು, ಶಾಲೆ, ಆರೋಗ್ಯ, ಪರಿಸರ ಮತ್ತು ಸಾರಿಗೆ ಹೀಗೆ ಒಂದೊಂದು ಖಾತೆ ಹೊತ್ತ ಕೆಲವರು. ಮುಖ್ಯಸ್ಥರನ್ನು ಊರಿನ ಮುಖ್ಯಮಂತ್ರಿ ಎಂದುಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ. ನಗರಸಭೆ ಊರಿನ ವಿಧಾನಸಭೆ, ಮೇಯರ್ ಅದರ ಸ್ಪೀಕರ್. ನಗರಸಭೆಯ ಸದಸ್ಯರು 59 ಮಂದಿ. ಅವರಲ್ಲಿ ಯಾರಾದರೂ ಸಂಪುಟಕ್ಕೆ ಹೋದರೆ, ಅಲ್ಲಿರುವಷ್ಟು ಕಾಲ ತಮ್ಮ ಸೀಟು ಬಿಟ್ಟುಕೊಡಬೇಕು. ಅದೇ ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರಿನವರು ಬಂದು ಆ ಜಾಗದಲ್ಲಿ ಕೂರುತ್ತಾರೆ. ಕೆಲಸ ಮಾಡುವವರೂ ಅವರ ಕೆಲಸದ ಲೆಕ್ಕ ಕೇಳುವವರೂ ಬೇರೆ ಬೇರೆ ಇರಲಿ ಎಂಬುದು ಇದರ ಹಿಂದಿನ ಯೋಚನೆ. ನನಗೆ ಇದು ಬಹಳ ಹಿಡಿಸಿತು.

ಈ ಪದ್ಧತಿ ಬಂದದ್ದು 1986ರಲ್ಲಿ. ಅದಕ್ಕೂ ಮೊದಲು ಓಸ್ಲೋದಲ್ಲೂ ನಾರ್ವೆಯ ಬೇರೆ ಊರುಗಳ ಕ್ರಮವೇ ಇತ್ತು. 1837ರ ಕಾನೂನಿನಿಂದ ಬೆಳೆದು ಬಂದ ಕ್ರಮ ಅದು. ಒಂದು ಕಾರ್ಯಕಾರಿ ಸಮಿತಿ, ಅದರಲ್ಲಿ ಪಕ್ಷಗಳಿಗೆ ಅವುಗಳ ಬಲಕ್ಕೆ ತಕ್ಕ ಪಾಲು, ದಿನದ ಆಡಳಿತ ಅಧಿಕಾರಿಗಳ ಕೈಯಲ್ಲಿ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಎಲ್ಲರೂ ಒಳಗೇ ಇದ್ದರೆ ತಪ್ಪಾದಾಗ ಯಾರನ್ನು ಹಿಡಿದು ಕೇಳೋದು? ಓಸ್ಲೋ ಆ ಗೊಂದಲದಿಂದ ಹೊರಬರಲು ಸಂಪುಟ ಮಾಡಿಕೊಂಡಿತು. ನಾರ್ವೆಯಲ್ಲಿ ಹಾಗೆ ಮಾಡಿದ ಮೊದಲ ಊರು ಅದು. ಆಗ ಮೇಯರ್ ಆಗಿದ್ದವರು ಅಲ್ಬರ್ಟ್ ನೂರ್ಡೆಂಗೆನ್, 1976ರಿಂದ 1990ರವರೆಗೆ ಆ ಕುರ್ಚಿಯಲ್ಲಿದ್ದವರು. ಅವರ ಕಾಲದಲ್ಲೇ ಕುರ್ಚಿಯ ಗೌರವ ಹಾಗೇ ಉಳಿಯಿತು, ಆಡಳಿತ ಪಕ್ಕದ ಕೋಣೆಗೆ ಹೋಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಲೆಕ್ಕ ಬೇಕು. ನೀವು ಶಿಕ್ಷಕಿ, ಬೇಸರ ಮಾಡಿಕೊಳ್ಳುವುದಿಲ್ಲ ಎಂಬ ನಂಬಿಕೆ ಇದೆ.

ಓಸ್ಲೋದಲ್ಲಿ ವಾರ್ಡ್‌ಗಳಿಂದ ಸದಸ್ಯರನ್ನು ಆರಿಸುವುದಿಲ್ಲ. ಇಡೀ ಊರು ಒಂದೇ ಕ್ಷೇತ್ರ. ಪಕ್ಷಕ್ಕೆ ಬಿದ್ದ ಓಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು. ಇಷ್ಟು ಪರ್ಸೆಂಟ್ ಬರಲೇಬೇಕು ಎಂಬ ಗೆರೆಯೂ ಸ್ಥಳೀಯ ಚುನಾವಣೆಯಲ್ಲಿ ಇಲ್ಲ. ಹಾಗಾಗಿ ಒಂದೇ ಸೀಟಿನ ಪಕ್ಷಗಳೂ ಸಭೆಯಲ್ಲಿ ಇರುತ್ತವೆ. 59ರಲ್ಲಿ ಬಹುಮತಕ್ಕೆ 30 ಬೇಕು. 2019ರಲ್ಲಿ ಬಲಪಂಥದ ಹೊಯ್ರೆ ಪಕ್ಷಕ್ಕೆ 15 ಬಂತು. ಅದೇ ಎಲ್ಲಕ್ಕಿಂತ ದೊಡ್ಡದು. ಲೇಬರ್‌ಗೆ 12, ಪರಿಸರವಾದಿ ಗ್ರೀನ್ ಪಕ್ಷಕ್ಕೆ 9, ಸೋಷಲಿಸ್ಟ್ ಲೆಫ್ಟ್‌ಗೆ 6. ಈ ಮೂರೂ ಸೇರಿದರೆ 27. ಅವರ ಎಡಗಡೆಗೆ ರೆಡ್ ಎಂಬ ಇನ್ನೊಂದು ಪಕ್ಷ, ಅದಕ್ಕೆ 4. ಅವರು ಸಂಪುಟ ಸೇರಲಿಲ್ಲ, ಆದರೆ ಬೀಳಿಸುವುದಿಲ್ಲ ಎಂದರು. 27ಕ್ಕೆ 4 ಸೇರಿ 31. ಹೊಯ್ರೆಗೆ ಅಷ್ಟು ಜೊತೆಗಾರರು ಸಿಗಲಿಲ್ಲ. ದೊಡ್ಡ ಪಕ್ಷ ವಿರೋಧದಲ್ಲಿ ಕೂತದ್ದು ಹೀಗೆ. ಅದಕ್ಕೂ ಮುಂಚೆ 2015ರಲ್ಲಿ ಲೇಬರ್ 20, ಗ್ರೀನ್ 5, ಸೋಷಲಿಸ್ಟ್ ಲೆಫ್ಟ್ 3, ಹೊರಗಿನಿಂದ ರೆಡ್ 3. ಆಗಲೂ ಕೂಡಿದರೆ 31.

ಹೆಸರುಗಳ ಬಗ್ಗೆ ಒಂದು ಮಾತು. ಹೊಯ್ರೆ ಎಂದರೆ 'ಬಲ'. ವೆನ್ಸ್ಟ್ರೆ ಎಂಬ ಇನ್ನೊಂದು ಪಕ್ಷ ಇದೆ, ಆ ಪದಕ್ಕೆ 'ಎಡ' ಎಂದರ್ಥ. ಆದರೆ ವೆನ್ಸ್ಟ್ರೆ ಪಕ್ಷ ಈಗ ಕೂರುವುದು ಹೊಯ್ರೆ ಜೊತೆಗೆ. 1884ರಲ್ಲಿ ಹುಟ್ಟಿದಾಗ ಅದು ಆ ಕಾಲದ ಎಡ. ಆಮೇಲೆ ಅದಕ್ಕಿಂತ ಎಡಕ್ಕೆ ಬೇರೆ ಪಕ್ಷಗಳು ಬಂದವು, ಇದರ ಹೆಸರು ಮಾತ್ರ ಹಾಗೇ ಉಳಿಯಿತು. ನಿಮ್ಮ ಮಗಳು ಹೆಸರು ನೋಡಿ ಪಕ್ಷ ಆರಿಸದಿರಲಿ ಎಂದು ಇದನ್ನು ಹೇಳಿದೆ.

ಕಾರಿನ ಕಥೆಗೆ ಬರೋಣ. 2015ರಲ್ಲಿ ಗ್ರೀನ್ ಪಕ್ಷ ಗೆದ್ದಿದ್ದು ಐದೇ ಸೀಟು. ತಾನು ಎಡವೂ ಅಲ್ಲ, ಬಲವೂ ಅಲ್ಲ ಎಂದೇ ಅದು ಹೇಳಿಕೊಳ್ಳುತ್ತಿತ್ತು. ಆ ಐದು ಇಲ್ಲದೆ ಲೇಬರ್‌ಗೆ ಸಂಪುಟ ಕಟ್ಟಲು ಆಗುತ್ತಿರಲಿಲ್ಲ. ಹೊಯ್ರೆ ಕೈಯಲ್ಲಿದ್ದ ಊರು 18 ವರ್ಷದ ಮೇಲೆ ಕೈ ಬದಲಾಗುತ್ತಿದ್ದ ಹೊತ್ತು ಅದು. ಮಾತುಕತೆಯಲ್ಲಿ ಗ್ರೀನ್ ಪಕ್ಷ ಪರಿಸರ ಮತ್ತು ಸಾರಿಗೆ ಖಾತೆ ಕೇಳಿ ಪಡೆಯಿತು. ಲಾನ್ ಮಾರಿ ಬೆರ್ಗ್ ಎಂಬ ಯುವತಿ ಆ ಖಾತೆ ವಹಿಸಿಕೊಂಡರು. ಸಂಪುಟದ ಮುಖ್ಯಸ್ಥರು ಲೇಬರ್‌ನ ರೇಮಂಡ್ ಯೊಹಾನ್ಸೆನ್. ನಾವು ಶಹಬ್ಬಾಸ್ ಹೇಳಿದ ಮೇಯರ್, ಸೋಷಲಿಸ್ಟ್ ಲೆಫ್ಟ್ ಪಕ್ಷದ ಮರಿಯಾನ್ನೆ ಬೋರ್ಗೆನ್, ಆಗ ಸಭೆ ನಡೆಸುತ್ತಿದ್ದರು.

ಮೊದಲು ಹೊರಟದ್ದು ನಗರದ ನಡುಭಾಗದಲ್ಲಿ ಖಾಸಗಿ ಕಾರೇ ಬೇಡ ಎಂದು. ಅಂಗಡಿಯವರು ಎದ್ದು ನಿಂತರು. ಗಿರಾಕಿಗಳು ಬರೋದಿಲ್ಲ, ಬೀದಿ ಸತ್ತುಹೋಗುತ್ತದೆ ಎಂದರು. ಆಗ ದಾರಿ ಬದಲಾಯಿತು. ಕಾರು ನಿಷೇಧಿಸುವ ಬದಲು ಬೀದಿ ಬದಿಯ ಪಾರ್ಕಿಂಗ್ ತೆಗೆದರು. ಸುಮಾರು 700 ಜಾಗ ಹೋಯಿತು. ಅಂಗವಿಕಲರಿಗೆ ಮತ್ತು ಸರಕು ಇಳಿಸುವ ಗಾಡಿಗಳಿಗೆ ಜಾಗ ಉಳಿಸಿಕೊಂಡರು. ಖಾಲಿಯಾದ ಕಡೆ ಬೆಂಚು, ಗಿಡ, ಸೈಕಲ್ ದಾರಿ ಬಂದವು. ವೇಗದ ಮಿತಿಯನ್ನೂ ಹಲವು ಕಡೆ ಇಳಿಸಿದರು. 2019ರಲ್ಲಿ ಇಡೀ ಓಸ್ಲೋದಲ್ಲಿ ರಸ್ತೆ ಅಪಘಾತದಿಂದ ಸತ್ತವರು ಒಬ್ಬರೇ, ಅವರು ಕಾರು ಓಡಿಸುತ್ತಿದ್ದವರು. ನಡೆಯುವವರಲ್ಲಿ, ಸೈಕಲ್ಲಿನವರಲ್ಲಿ ಒಬ್ಬರೂ ಸಾಯಲಿಲ್ಲ. ಏಳು ಲಕ್ಷದಷ್ಟು ಜನ ಇರುವ ಊರು ಅದು. ಈ ಅಂಕಿ ಓದಿದಾಗ ನನಗೆ ಗಂಟಲು ಕಟ್ಟಿತು. ಐದು ಸೀಟಿನ ಪಕ್ಷವೊಂದು ಹಟ ಹಿಡಿಯದಿದ್ದರೆ ಈ ಕೆಲಸ ಇಷ್ಟು ಬೇಗ ಆಗುತ್ತಿರಲಿಲ್ಲ. ಸಣ್ಣ ಪಕ್ಷಕ್ಕೆ ಹಾಕಿದ ಓಟು ದಂಡ ಎಂದು ನಾವು ಹೇಳುತ್ತೇವಲ್ಲ, ಆ ಮಾತು ಓಸ್ಲೋದಲ್ಲಿ ನಡೆಯುವುದಿಲ್ಲ.

ಎಲ್ಲರೂ ಖುಷಿಯಾಗಿದ್ದರು ಅಂತಲ್ಲ. ಊರೊಳಗೆ ಬರುವ ಗಾಡಿಗಳಿಗೆ 1990ರಿಂದಲೇ ಟೋಲ್ ಇದೆ. 2019ರ ಬೇಸಿಗೆಯಲ್ಲಿ ಟೋಲ್ ಗೇಟುಗಳು ಇನ್ನಷ್ಟು ಹೆಚ್ಚಾದವು. ಆ ಸಿಟ್ಟಿನಲ್ಲೇ 'ಟೋಲ್ ಹೆಚ್ಚಳ ಬೇಡ' ಎಂಬ ಪಕ್ಷವೊಂದು ಎದ್ದು ಬಂತು. ಅದೇ ವರ್ಷದ ಚುನಾವಣೆಯಲ್ಲಿ 4 ಸೀಟು ಗೆದ್ದಿತು. ಗ್ರೀನ್ ಪಕ್ಷ ಐದರಿಂದ ಒಂಬತ್ತಕ್ಕೆ ಏರಿದ್ದೂ ಅದೇ ಚುನಾವಣೆಯಲ್ಲಿ. ಒಂದೇ ಬೀದಿಯ ಬಗ್ಗೆ ಊರು ಎರಡು ಮನಸ್ಸಾಗಿತ್ತು. ಎರಡೂ ಮನಸ್ಸಿಗೆ ಸಭೆಯಲ್ಲಿ ಕುರ್ಚಿ ಸಿಕ್ಕಿತು. 2023ರ ಹೊತ್ತಿಗೆ ಟೋಲ್ ವಿರೋಧಿ ಪಕ್ಷ ಸಭೆಯಿಂದ ಮಾಯವಾಯಿತು.

ಸಂಪುಟದ ಜುಟ್ಟು ನಗರಸಭೆಯ ಕೈಯಲ್ಲಿರುತ್ತದೆ. 2021ರ ಜೂನ್‌ನಲ್ಲಿ ಅದು ಎಲ್ಲರಿಗೂ ಕಂಡಿತು. ಓಸ್ಲೋದ ಕುಡಿಯುವ ನೀರು ಬಹುಪಾಲು ಬರುವುದು ಮಾರಿದಾಲ್ಸ್‌ವಾನೆ ಎಂಬ ಒಂದೇ ಕೆರೆಯಿಂದ. ಅದಕ್ಕೆ ಏನಾದರೂ ಆದರೆ ಊರಿಗೆ ನೀರಿಲ್ಲ. ಹಾಗಾಗಿ ಹೊಲ್ಸ್‌ಫ್ಯೂರ್ಡ್ ಎಂಬ ಕಡೆಯಿಂದ ಸುರಂಗ ಕೊರೆದು ಇನ್ನೊಂದು ನೀರಿನ ದಾರಿ ಮಾಡುವ ದೊಡ್ಡ ಯೋಜನೆ ಹಾಕಿಕೊಂಡರು. ಖರ್ಚು ನೂರಾರು ಕೋಟಿ ಕ್ರೋನರ್ ಏರಿತು. ಖರ್ಚು ಏರಿದ್ದಕ್ಕಿಂತ ಅದನ್ನು ಸಭೆಗೆ ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ ಎಂಬುದೇ ದೊಡ್ಡ ದೂರಾಯಿತು. ಆ ಖಾತೆ ಹೊತ್ತಿದ್ದ ಬೆರ್ಗ್ ಅವರ ಮೇಲೆ ಅವಿಶ್ವಾಸ ಬಂತು. ವಿರೋಧದ ಪಕ್ಷಗಳ ಜೊತೆ ರೆಡ್ ಕೂಡ ಕೈ ಎತ್ತಿತು. ಅಲ್ಲಿಗೆ ಬಹುಮತ ಆಯಿತು. ಅವರೊಬ್ಬರೇ ಹೋಗಲಿ ಎಂದು ಯೊಹಾನ್ಸೆನ್ ಬಿಡಲಿಲ್ಲ. ಇಡೀ ಸಂಪುಟ ರಾಜೀನಾಮೆ ಕೊಟ್ಟಿತು.

ಆಮೇಲೆ ಏನಾಯಿತು ಗೊತ್ತಾ? ಚುನಾವಣೆ ಆಗಲಿಲ್ಲ. ನಾರ್ವೆಯಲ್ಲಿ ನಗರಸಭೆಯನ್ನು ಮಧ್ಯದಲ್ಲಿ ವಿಸರ್ಜಿಸಲು ಆಗುವುದಿಲ್ಲ. ನಾಲ್ಕು ವರ್ಷ ಎಂದರೆ ನಾಲ್ಕು ವರ್ಷ. ಉಪಚುನಾವಣೆಯೂ ಇಲ್ಲ, ಸೀಟು ಖಾಲಿಯಾದರೆ ಪಟ್ಟಿಯ ಮುಂದಿನವರು ಬರುತ್ತಾರೆ. ಹಾಗಾಗಿ ಬೀಳಿಸಿದವರೇ ಮತ್ತೆ ಕೂತು ದಾರಿ ಹುಡುಕಬೇಕು. ರೆಡ್ ಪಕ್ಷ ಒಬ್ಬರನ್ನು ಬೀಳಿಸಲು ಕೈ ಎತ್ತಿತ್ತೇ ಹೊರತು ಹೊಯ್ರೆಗೆ ಊರು ಕೊಡಲು ಅಲ್ಲ. ಕೊನೆಗೆ ಅದೇ ಮೂರು ಪಕ್ಷಗಳು, ಅದೇ ಯೊಹಾನ್ಸೆನ್ ಸಂಪುಟ ಕಟ್ಟಿದರು. ಬೆರ್ಗ್ ಅವರ ಜಾಗಕ್ಕೆ ಅವರದೇ ಪಕ್ಷದ ಸಿರಿನ್ ಸ್ತಾವ್ ಬಂದರು. ಇಷ್ಟೆಲ್ಲ ಗಲಾಟೆಗೆ ಇಷ್ಟೇನಾ ಎಂದು ಕೇಳುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಭೆಗೆ ಹೇಳದೆ ಇಟ್ಟುಕೊಂಡರೆ ಕುರ್ಚಿ ಹೋಗುತ್ತದೆ ಎಂಬುದು ಅಲ್ಲಿ ನಿಂತಿತು. ಊರಿನ ಕೆಲಸವೂ ನಿಲ್ಲಲಿಲ್ಲ.

2023ರಲ್ಲಿ ಜನ ಬೇರೆ ದಾರಿ ಹಿಡಿದರು. ಹೊಯ್ರೆಗೆ ಮೂರರಲ್ಲಿ ಒಂದು ಪಾಲಿನಷ್ಟು ಓಟು ಬಂತು. ಮನೆ ತೆರಿಗೆ ತೆಗೆಯುತ್ತೇವೆ ಎಂಬುದು ಅವರ ದೊಡ್ಡ ಭರವಸೆಯಾಗಿತ್ತು. ವೆನ್ಸ್ಟ್ರೆ ಜೊತೆ ಸೇರಿ ಸಂಪುಟ ಕಟ್ಟಿದರು, ಹೊರಗಿನಿಂದ ಇನ್ನೆರಡು ಪಕ್ಷಗಳ ಬೆಂಬಲ. ಮುಖ್ಯಸ್ಥರಾದವರು ಏರಿಕ್ ಲಾ ಸೂಲ್‌ಬೆರ್ಗ್. ಮೇಯರ್ ಆದವರು ಆನ್ನೆ ಲಿಂಡ್‌ಬೂ, ಮಕ್ಕಳ ವೈದ್ಯೆ.

ಇನ್ನು ಕಾರ್ಡಿನ ವಿಷಯ. ಇದಕ್ಕಾಗಿಯೇ ನಿಮ್ಮ ಪತ್ರವನ್ನು ಎತ್ತಿಕೊಂಡೆ.

ಅದು ತಪ್ಪಿ ಬಂದದ್ದಲ್ಲ ಮೇಡಂ. ನಾರ್ವೆಯಲ್ಲಿ ಸಂಸತ್ತಿನ ಚುನಾವಣೆಗೆ ಓಟು ಹಾಕಲು ಆ ದೇಶದ ಪೌರತ್ವ ಬೇಕು. ಊರಿನ ಚುನಾವಣೆಗೆ ಬೇಡ. ಮೂರು ವರ್ಷ ಬಿಡದೆ ಅಲ್ಲಿ ವಾಸವಿದ್ದು ದಾಖಲಾಗಿದ್ದರೆ ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಓಟು ಹಾಕಬಹುದು. 1983ರಿಂದ ಹೀಗೇ ಇದೆ. ಶಾಲೆ, ಶಿಶುವಿಹಾರ, ವಯಸ್ಸಾದವರ ಆರೈಕೆ, ಬಸ್ಸು, ಟ್ರಾಮ್ ಇವೆಲ್ಲ ಓಸ್ಲೋದಲ್ಲಿ ನಗರದ ಹೊಣೆ. ನಿಮ್ಮ ಮಗಳೂ ತೆರಿಗೆ ಕಟ್ಟುತ್ತಾಳೆ, ಅದೇ ಟ್ರಾಮ್ ಹತ್ತುತ್ತಾಳೆ. ಅಲ್ಲಿ ಇರುವವಳಿಗೆ ಅಲ್ಲಿನ ಊರಿನ ಬಗ್ಗೆ ಮಾತಾಡುವ ಹಕ್ಕು ಬೇಡವೇ? ಅಲ್ಲಿರುವ ಎಷ್ಟೋ ಕನ್ನಡದ ಮನೆಗಳಿಗೆ ಈ ಕಾರ್ಡ್ ಬಂದಿರುತ್ತದೆ. ಅದು ಎಷ್ಟು ಡ್ರಾಯರ್‌ಗಳಲ್ಲಿ ಮಲಗಿದೆಯೋ ಎಂಬ ಚಿಂತೆ ನನಗೆ.

ಹೊರಗಿನಿಂದ ಬಂದವರು ಅಲ್ಲಿ ಓಟು ಹಾಕುವುದಷ್ಟೇ ಅಲ್ಲ, ಗೆದ್ದೂ ಬರುತ್ತಾರೆ. ಜಾಫ್ನಾದಲ್ಲಿ ಹುಟ್ಟಿ, ಮಗುವಾಗಿದ್ದಾಗ ನಾರ್ವೆಗೆ ಬಂದ ತಮಿಳು ಹುಡುಗಿ ಕಂಶಾಜಿನಿ ಗುಣರತ್ನಂ ಇದೇ ನಗರಸಭೆಗೆ 2007ರಲ್ಲಿ, 19ನೇ ವಯಸ್ಸಿಗೆ ಬಂದವರು. 2011ರಲ್ಲಿ ಉತೋಯಾ ದ್ವೀಪದಲ್ಲಿ ಲೇಬರ್ ಯುವಕರ ಶಿಬಿರದ ಮೇಲೆ ಗುಂಡಿನ ದಾಳಿಯಾದಾಗ ನೀರಿಗೆ ಹಾರಿ ಈಜಿ ಬದುಕಿದರು. 2015ರಲ್ಲಿ ಓಸ್ಲೋದ ಉಪಮೇಯರ್ ಆದರು. 2021ರಲ್ಲಿ ಸಂಸತ್ತಿಗೆ ಹೋದರು.

ಮಗಳಿಗೆ ಹೇಳಿ, ಮತಗಟ್ಟೆಯಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಮಷಿನ್ ಇರುವುದಿಲ್ಲ. ಮರೆಯೊಳಗೆ ಒಂದೊಂದು ಪಕ್ಷಕ್ಕೂ ಬೇರೆ ಬೇರೆ ಚೀಟಿ ಜೋಡಿಸಿಟ್ಟಿರುತ್ತಾರೆ. ಬೇಕಾದದ್ದನ್ನು ತೆಗೆದು, ಮಡಚಿ, ಹೊರಗೆ ತಂದು ಮುದ್ರೆ ಹಾಕಿಸಿಕೊಂಡು ಪೆಟ್ಟಿಗೆಗೆ ಹಾಕಬೇಕು. 2023ರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಆ ಪಟ್ಟಿಯಲ್ಲಿ ಯಾರಾದರೂ ಇಷ್ಟವಾದರೆ ಅವರ ಹೆಸರಿನ ಪಕ್ಕ ಗುರುತು ಹಾಕಬಹುದಿತ್ತು. ಅದು ಅವರಿಗೆ ಸ್ವಂತ ಓಟು. ಬೇರೆ ಪಕ್ಷದ ಅಭ್ಯರ್ಥಿ ಹಿಡಿಸಿದರೆ ಅವರ ಹೆಸರನ್ನೂ ಬರೆಯಬಹುದಿತ್ತು. ಆಗ ಓಟಿನ 59ರಲ್ಲಿ ಒಂದು ಪಾಲು ಆ ಪಕ್ಷಕ್ಕೆ ಹೋಗುತ್ತಿತ್ತು. ವಲಸೆ ಬಂದ ಸಮುದಾಯಗಳವರು ಈ ಗುರುತಿನ ಬಲದಿಂದ ತಮ್ಮವರನ್ನು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಎತ್ತಿ ತಂದಿದ್ದಾರೆ.

ಮುಂದಿನ ನಗರ ಚುನಾವಣೆ 2027ರ ಸೆಪ್ಟೆಂಬರ್‌ನಲ್ಲಿ. ಮುಂಗಡ ಮತದಾನ ಆಗಸ್ಟ್‌ನಲ್ಲೇ ಶುರುವಾಗುತ್ತದೆ, ಲೈಬ್ರರಿಗಳಲ್ಲೂ ಹಾಕಬಹುದು. ಆ ಹೊತ್ತಿಗೆ ನಗರದ ಮಧ್ಯದ ಕಾರ್ಲ್ ಯೋಹಾನ್ ಬೀದಿಗೆ ಒಂದು ಸಂಜೆ ಹೋಗಿಬರಲಿ. ಎಲ್ಲ ಪಕ್ಷದವರೂ ಅಲ್ಲಿ ಸಾಲಾಗಿ ಸಣ್ಣ ಸಣ್ಣ ಮಳಿಗೆ ಹಾಕಿ ನಿಂತಿರುತ್ತಾರೆ. ಮನೆ ಹತ್ತಿರದ ಟ್ರಾಮ್ ಬಗ್ಗೆ, ಶಾಲೆ ಬಗ್ಗೆ ನೇರವಾಗಿ ಕೇಳಬಹುದು. ಇಂಗ್ಲಿಷ್‌ನಲ್ಲಿ ಕೇಳಿದರೂ ಉತ್ತರ ಕೊಡುತ್ತಾರೆ.

ಕಾರ್ಡ್ ಕಳೆದುಹೋದರೆ ಯೋಚನೆ ಬೇಡ. ಕಾರ್ಡ್ ಕಡ್ಡಾಯವಲ್ಲ, ಫೋಟೋ ಇರುವ ಗುರುತಿನ ದಾಖಲೆ ತೋರಿಸಿದರೆ ಸಾಕು. ಭಾರತದ ಪಾಸ್‌ಪೋರ್ಟೂ ನಡೆಯುತ್ತದೆ.

– ಸಂಪಾದಕ