ಕೈಪಿಂಗ್‌ನ ಗೋಪುರ ಮನೆಗಳಿಗೆ ಒಂದು ದಿನ ಸಾಕಾ?

ಚೀನಾದ ಗುವಾಂಗ್‌ಝೌ ವ್ಯಾಪಾರ ಮೇಳ ಮುಗಿದ ಮೇಲೆ ಒಂದು ದಿನ ಖಾಲಿ ಇದೆ, ಗದ್ದೆಗಳ ನಡುವೆ ಕೋಟೆಯ ಹಾಗೆ ನಿಂತಿರುವ ಮನೆಗಳ ಫೋಟೋ ನೋಡಿದೆ, ಅಷ್ಟು ದೂರ ಹೋಗಬಹುದಾ, ಎಷ್ಟು ಊರು ನೋಡಬಹುದು ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಎರಡು ಹಳ್ಳಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಬಾಡಿಗೆ ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಐದು ಕಡೆ ಓಡಿದೆ. ರಾತ್ರಿ ಫೋಟೋ ತೆಗೆದು ನೋಡಿದರೆ ಯಾವ ಗೋಪುರ ಯಾವ ಊರಿನದು ಅಂತಲೇ ಗೊತ್ತಾಗಲಿಲ್ಲ. ಬೇಸರವಾಯಿತು. ಎರಡನೇ ಸಲ ಝಿಲಿ ಎಂಬ ಹಳ್ಳಿಗೆ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ಆ ಮನೆಗಳು ನನಗೆ ಅರ್ಥವಾಗಿದ್ದು ಆಗಲೇ.

ಇವನ್ನು ಅಲ್ಲಿ ದಿಯಾವ್‌ಲೋ ಅನ್ನುತ್ತಾರೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಕೈಪಿಂಗ್ ಸುತ್ತಮುತ್ತ ಇಂಥ 1,833 ಗೋಪುರಗಳು ಉಳಿದಿವೆ. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಇವುಗಳ ಕತೆ ಶುರುವಾಗುವುದು ಮಾತ್ರ ಅಮೆರಿಕದಲ್ಲಿ. 19ನೇ ಶತಮಾನದ ನಡುವಿನಲ್ಲಿ ಈ ಭಾಗದ ಗಂಡಸರು ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಅಗೆಯಲು ಹೋದರು. ಆಮೇಲೆ ಅಮೆರಿಕ, ಕೆನಡಾಗಳಲ್ಲಿ ರೈಲು ಹಳಿ ಹಾಕಿದರು. ಹಾಗೆ ಹೋದ ನಾಡಿಗೆ ಊರಿನವರ ಮಾತಿನಲ್ಲಿ 'ಚಿನ್ನದ ಬೆಟ್ಟ' ಎಂದೇ ಹೆಸರು. 1882ರಲ್ಲಿ ಅಮೆರಿಕ ಚೀನೀ ಕೂಲಿಕಾರರು ಬರದಂತೆ ಕಾನೂನು ತಂದಿತು. 1923ರಲ್ಲಿ ಕೆನಡಾ ಕೂಡ ಬಾಗಿಲು ಹಾಕಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಬಹಳ ಜನರಿಗೆ ಆಗದ ಮಾತಾಯಿತು. ಗಂಡ ಅಲ್ಲಿ, ಸಂಸಾರ ಇಲ್ಲಿ. ನಡುವೆ ಹಣ ಮತ್ತು ಕಾಗದ ಮಾತ್ರ.

ಹಣ ಬರುವ ಊರಿಗೆ ಡಕಾಯಿತರೂ ಬಂದರು. 1922ರ ಡಿಸೆಂಬರಿನಲ್ಲಿ ಚಿಕಾನ್ ಪೇಟೆಯ ಶಾಲೆಯೊಂದಕ್ಕೆ ನುಗ್ಗಿ ಮುಖ್ಯೋಪಾಧ್ಯಾಯರನ್ನೂ ಮಕ್ಕಳನ್ನೂ ಎಳೆದುಕೊಂಡು ಹೋದರು. ದಾರಿಯಲ್ಲಿ ಒಂದು ಗೋಪುರದ ಮೇಲಿದ್ದ ಸರ್ಚ್‌ಲೈಟ್ ಅವರ ಮೇಲೆ ಬಿತ್ತು. ಸುತ್ತಲಿನ ಹಳ್ಳಿಗಳ ಕಾವಲುಪಡೆಯವರು ಅಡ್ಡಗಟ್ಟಿ ಮುಖ್ಯೋಪಾಧ್ಯಾಯರನ್ನೂ 17 ಮಕ್ಕಳನ್ನೂ ಬಿಡಿಸಿದರು. ಈ ಸುದ್ದಿ ಕಡಲಾಚೆ ತಲುಪಿದ ಮೇಲೆ ಗೋಪುರ ಕಟ್ಟಲು ಇನ್ನಷ್ಟು ಹಣ ಬಂತು. ಈಗ ನಾವು ನೋಡುವ ಗೋಪುರಗಳಲ್ಲಿ ಹೆಚ್ಚಿನವು 1920–30ರ ದಶಕದವು. ತಗ್ಗು ಪ್ರದೇಶವಾದ್ದರಿಂದ ನೆರೆಯ ಭಯವೂ ಇತ್ತು. ಸಾನ್‌ಮೆನ್‌ಲಿ ಹಳ್ಳಿಯ ಯಿಂಗ್‌ಲಾಂಗ್ ಲೋ ಎಂಬ ಗೋಪುರವಂತೂ (ಲೋ ಅಂದರೆ ಮಹಡಿ ಕಟ್ಟಡ) ಬಹಳ ಹಳೆಯದು, ಮಿಂಗ್ ಅರಸರ (1368–1644) ಕಾಲದ್ದು. ಅದನ್ನು ಕಟ್ಟುವಾಗಲೂ ಇವೇ ಎರಡು ಭಯ: ಕಳ್ಳರು, ನೀರು.

ಝಿಲಿಯಲ್ಲಿ ಗೋಪುರಗಳೂ ಬಂಗಲೆಗಳೂ ಸೇರಿ 15 ಇವೆ. ಸುತ್ತ ಗದ್ದೆ, ತಾವರೆ ಕೊಳ. ಟಿಕೆಟ್ ತಗೊಂಡ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಗದ್ದೆಯ ಬದುವಿನ ಮೇಲೆ ನಿಂತು ಒಂದೇ ಒಂದು ಗೋಪುರವನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ ಬೋಳು ಗೋಡೆ. ಸಣ್ಣ ಕಿಟಕಿ, ಅದಕ್ಕೆ ಕಬ್ಬಿಣದ ಸರಳು, ಕಬ್ಬಿಣದ ಬಾಗಿಲು. ಮೇಲೆ ಹೋದ ಹಾಗೆ ಕಮಾನು, ರೋಮನ್ ಕಂಬ, ಗುಮ್ಮಟ ಎಲ್ಲ ಶುರುವಾಗುತ್ತವೆ. ಪರದೇಶದಲ್ಲಿ ಕಂಡದ್ದು, ಊರಿನ ಮೇಸ್ತ್ರಿಗೆ ಗೊತ್ತಿದ್ದದ್ದು, ಎರಡೂ ಒಂದೇ ಗೋಡೆಯಲ್ಲಿ ಕೂಡಿವೆ. ಕೆಲವರು ಇದನ್ನು ಕಲಬೆರಕೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೂರದಲ್ಲಿ ದುಡಿದವನು ತಾನು ಕಂಡ ಚಂದವನ್ನೆಲ್ಲ ಮನೆಗೆ ಕಳಿಸಿದ್ದಾನೆ.

ಒಳಗೆ ಹೋಗಲು ಒಂದನ್ನೇ ಆರಿಸಿಕೊಳ್ಳಬೇಕಾದರೆ 1925ರಲ್ಲಿ ಕಟ್ಟಿದ ಮಿಂಗ್‌ಷಿ ಲೋ ಆರಿಸಿಕೊಳ್ಳಿ. ಮನೆಯವರು ಬಳಸಿದ ಮಂಚ, ಕುರ್ಚಿ, ಗೋಡೆಯ ಮೇಲಿನ ಫೋಟೋ ಎಲ್ಲ ಹಾಗೇ ಇವೆ. ಮೇಲಂತಸ್ತಿನಲ್ಲಿ ಹಿರಿಯರ ಪೂಜೆಯ ಜಾಗವಿದೆ. ಅದೇ ಎತ್ತರದಲ್ಲಿ ನಾಲ್ಕೂ ಮೂಲೆಗಳಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿದ ಪುಟ್ಟ ಕೋಣೆಗಳಿವೆ. ಅವಕ್ಕೆ 'ಅಂಬರಗುಬ್ಬಿಯ ಗೂಡು' ಎಂಬ ಹೆಸರು. ಎಷ್ಟು ಮುದ್ದಾದ ಹೆಸರು ಅಲ್ವಾ? ಆದರೆ ಅವುಗಳಲ್ಲಿರುವುದು ಬಂದೂಕಿನ ಕಿಂಡಿ. ನಾನು ಅಲ್ಲಿ ಬಗ್ಗಿ ಕೆಳಗೆ ನೋಡಿದೆ. ಬೆನ್ನ ಹಿಂದೆ ಹಿರಿಯರ ಪೀಠ, ಕಣ್ಣ ಮುಂದೆ ಕಿಂಡಿ. ಗಂಡ ಊರಲ್ಲಿಲ್ಲದ ಹೆಂಗಸು ರಾತ್ರಿ ನಾಯಿ ಬೊಗಳಿದರೆ ಇಲ್ಲಿಗೇ ಬಂದು ನೋಡುತ್ತಿದ್ದಳೇನೋ ಅನ್ನಿಸಿತು. ತುಂಬ ಹೊತ್ತು ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಮಧ್ಯಾಹ್ನದ ಮೇಲೆ ಮಾಜಿಯಾಂಗ್‌ಲಾಂಗ್‌ಗೆ ಹೋಗಿ. ಬಿದಿರು ಮೆಳೆಗಳ ನಡುವೆ ನಡೆಯುವುದೇ ಒಂದು ಸುಖ. ಅಲ್ಲಿಯ ತಿಯಾನ್‌ಲು ಲೋವನ್ನು 29 ಮನೆಯವರು ಹಣ ಹಾಕಿ ಕಟ್ಟಿಸಿದರು. ಶ್ರೀಮಂತನ ಮನೆ ನೋಡಿದ ಮೇಲೆ ಊರೇ ಸೇರಿ ಕಟ್ಟಿದ್ದನ್ನೂ ನೋಡಬೇಕು. 1960ರ ದಶಕದ ನೆರೆಯಲ್ಲಿ ಹಳ್ಳಿಯವರು ಜೀವ ಉಳಿಸಿಕೊಂಡದ್ದು ಇದನ್ನು ಹತ್ತಿಯೇ. ಜಿನ್‌ಜಿಯಾಂಗ್‌ಲಿಯ ರುಯಿಷಿ ಲೋ ಒಂಬತ್ತು ಅಂತಸ್ತಿನದು, ಎಲ್ಲಕ್ಕಿಂತ ಎತ್ತರ. ಆದರೂ ಒಂದು ದಿನ ಮಾತ್ರ ಇದ್ದರೆ ಅದನ್ನು ಬಿಡಿ.

ಗುವಾಂಗ್‌ಝೌ ಸೌತ್ ನಿಲ್ದಾಣದಿಂದ ಕೈಪಿಂಗ್ ಸೌತ್‌ಗೆ ವೇಗದ ರೈಲಿದೆ. ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ರೈಲು ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕು. ಅಲ್ಲಿ ಫೋನ್‌ನಿಂದ ಹಣ ಕೊಡುವ ಆ್ಯಪ್ ಅಲಿಪೇಗೆ ನಿಮ್ಮ ಕಾರ್ಡ್ ಜೋಡಿಸುವ ಕೆಲಸವನ್ನು ಊರಿನಲ್ಲೇ ಮುಗಿಸಿಕೊಳ್ಳಿ. ಹಳ್ಳಿಗಳ ಹೆಸರನ್ನು ಚೀನೀ ಲಿಪಿಯಲ್ಲಿ ಫೋನ್‌ನಲ್ಲಿ ಇಟ್ಟುಕೊಂಡರೆ ಚಾಲಕನಿಗೆ ತೋರಿಸಬಹುದು. ಸಸ್ಯಾಹಾರಿಗಳಾಗಿದ್ದರೆ ತೋಫು ಕಂಡ ಕೂಡಲೇ ತಿನ್ನಬೇಡಿ. ಆ ಕಡೆ ಅದರೊಳಗೆ ಮೀನು ಅರೆದು ತುಂಬುವುದುಂಟು. ಕೇಳಿಯೇ ತಗೊಳ್ಳಿ. ಏಪ್ರಿಲ್ ಮೇಳಕ್ಕಾದರೆ ಕೊಡೆ ಇರಲಿ. ಅಕ್ಟೋಬರ್ ಮೇಳಕ್ಕಾದರೆ ಇನ್ನೂ ಒಳ್ಳೆಯದು, ಮಳೆ ಕಡಿಮೆ, ಗದ್ದೆಯಲ್ಲಿ ಭತ್ತ ಇರುತ್ತದೆ.

ಬೀಗ ಹಾಕಿದ ಗೋಪುರಗಳು ದಾರಿಯುದ್ದಕ್ಕೂ ಸಿಗುತ್ತವೆ. ಸುಮ್ನೆ ಕುತೂಹಲಕ್ಕೆ ಬಾಗಿಲು ತಳ್ಳಬೇಡಿ. ಅವು ಪಾಳು ಬಿದ್ದ ಹಾಗೆ ಕಂಡರೂ ಎಷ್ಟೋ ಮನೆಗಳ ವಾರಸುದಾರರು ಈಗಲೂ ಕಡಲಾಚೆ ಇದ್ದಾರೆ.