ಅಪ್ಪ ಅಮ್ಮ ಹೋದಾಗ ಅವನು ಮಲಗಿದ್ದ

ಹುಡುಗನಿಗೆ 11 ವರ್ಷ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರಂತೂ ಬೇಡವೇ ಬೇಡ.

ಆಪ್ತ ಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದು ಶಾಲೆ, ಕರೆತಂದದ್ದು ಅಜ್ಜಿ. ಶಾಲೆಯ ದೂರು ಇಷ್ಟು: ತರಗತಿಯಲ್ಲಿ ನಿದ್ದೆ ಮಾಡುತ್ತಾನೆ, ಎಬ್ಬಿಸಿದರೆ ಪಕ್ಕದವನಿಗೆ ಹೊಡೆಯುತ್ತಾನೆ. ಅಜ್ಜಿಯ ದೂರು ಬೇರೆ. ಅಪ್ಪ ಅಮ್ಮನ ಫೋನ್ ಬರುವ ದಿನ ಹೊಟ್ಟೆನೋವು ಅಂತ ಮಲಗಿಬಿಡುತ್ತಾನೆ. ವೈದ್ಯರು ನೋಡಿ ಏನೂ ಇಲ್ಲ ಅಂದರಂತೆ. "ಎಲ್ಲ ನಾಟಕ" ಎಂದರು ಅಜ್ಜಿ, ಅವನ ಎದುರಿಗೇ. ಅಪ್ಪ ಅಮ್ಮ ಇಬ್ಬರೂ ದುಡಿಯಲು ದೂರದ ಊರಿಗೆ ಹೋಗಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಅಜ್ಜಿ, ಇವನು, ಐದು ವರ್ಷದ ತಂಗಿ.

ಮೊದಲ ಭೇಟಿಯಲ್ಲಿ ತಪ್ಪು ಮಾಡಿದ್ದು ನಾನು. "ಅಪ್ಪ ಅಮ್ಮ ನೆನಪಾಗ್ತಾರಾ?" ಅಂತ ಕೇಳಿಬಿಟ್ಟೆ. ಇಂಥ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಒಂದೇ. "ಇಲ್ಲ." ಅಲ್ಲಿಗೆ ಮಾತು ಮುಗಿಯಿತು. ಉಳಿದ ಅರ್ಧ ಗಂಟೆ ಅವನು ನನ್ನ ಮೇಜಿನ ಮೇಲಿನ ಪೆನ್ನುಗಳ ಮುಚ್ಚಳ ತೆಗೆದು ಹಾಕುತ್ತಾ ಕೂತ.

ಎರಡನೇ ಸಲ ಅಪ್ಪ ಅಮ್ಮನ ಸುದ್ದಿಗೇ ಹೋಗಲಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯ ಎಂದು ಕೇಳಿದೆ. ಆಗ ಶುರುವಾಯಿತು ನೋಡಿ. ಅಜ್ಜಿ ಎಷ್ಟು ಹೊತ್ತಿಗೆ ಕೆಮ್ಮುತ್ತಾರೆ, ತಂಗಿ ಯಾವಾಗ ಹೊರಳುತ್ತಾಳೆ, ಬೀದಿಯಲ್ಲಿ ಮೊದಲ ಗಾಡಿ ಯಾವಾಗ ಹೋಗುತ್ತದೆ, ಎಲ್ಲವೂ ಅವನಿಗೆ ಗೊತ್ತು. ರಾತ್ರಿಯ ಇಷ್ಟು ಸದ್ದುಗಳು ಗೊತ್ತಿರುವ ಮಗು ಹಗಲು ನಿದ್ದೆ ಮಾಡದೆ ಇನ್ನೇನು ಮಾಡೀತು?

"ಯಾಕೆ ಎದ್ದಿರ್ತೀಯ?"

"ಸುಮ್ನೆ."

ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಹೇಳಿದ: "ಅವರು ಹೋದಾಗ ನಾನು ಮಲಗಿದ್ದೆ."

ಮಕ್ಕಳು ಅತ್ತಾರು ಎಂದು ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆಯೇ ಹೊರಟಿದ್ದರು. ಎದ್ದಾಗ ಹಾಸಿಗೆ ಖಾಲಿ. "ನಾಳೆ ಬರ್ತಾರೆ" ಎಂದು ಅಜ್ಜಿ ಸಮಾಧಾನ ಮಾಡಿದ್ದರು. ಆ ನಾಳೆ ಬರಲೇ ಇಲ್ಲ. ಅವತ್ತಿನಿಂದ ಹುಡುಗ ರಾತ್ರಿ ಕಾವಲು ಕಾಯುತ್ತಿದ್ದ. ತಾನು ಮಲಗಿದರೆ ಇನ್ನೊಬ್ಬರು ಹೋಗಿಬಿಡುತ್ತಾರೆ ಎಂಬುದು ಅವನ ಲೆಕ್ಕ. ಹೊಟ್ಟೆನೋವೂ ನಾಟಕವಲ್ಲ. ಆತಂಕ ಜಾಸ್ತಿಯಾದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅಷ್ಟೇ.

ಮನಃಶಾಸ್ತ್ರಜ್ಞೆ ಪಾಲಿನ್ ಬಾಸ್ ಇದಕ್ಕೆ ಹತ್ತಿರದ ಒಂದು ಮಾತು ಹೇಳಿದ್ದಾರೆ. ಇತ್ಯರ್ಥವಾಗದ ಅಗಲಿಕೆ ಎನ್ನಬಹುದು. ಮನುಷ್ಯ ಕಣ್ಣೆದುರಿಗಿಲ್ಲ, ಮನಸ್ಸಿನಿಂದ ಹೋಗಿಯೂ ಇಲ್ಲ. ಸತ್ತವರಿಗೆ ಅತ್ತು ಹಗುರಾಗಬಹುದು, ದುಡಿಯಲು ಹೋದವರಿಗಾಗಿ ಅಳುವುದು ಹೇಗೆ? ಅದೂ "ನಿನಗೋಸ್ಕರವೇ ಹೋಗಿದ್ದಾರೆ" ಅಂತ ದಿನಾ ಹೇಳುತ್ತಿದ್ದರೆ? ಅತ್ತರೆ ಉಪಕಾರ ಮರೆತವನಾಗುತ್ತಾನೆ.

ಹೆತ್ತವರನ್ನು ದೂರುವುದು ಸುಲಭ. ನಾನು ದೂರುವುದಿಲ್ಲ. ಯಾರೂ ಖುಷಿಗೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಆದರೆ ಹಣ ಬಂದರೆ ಎಲ್ಲ ಸರಿಹೋಗುತ್ತದೆ ಎಂಬುದನ್ನೂ ಒಪ್ಪಲಾರೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 111 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆ ಬಂತು. ಹೆಚ್ಚಿನವು ಚೀನಾದವು. ಹೆತ್ತವರು ವಲಸೆ ಹೋದ ಮಕ್ಕಳಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಜಾಸ್ತಿ ಕಂಡಿತ್ತು. ಮಕ್ಕಳ ಆರೋಗ್ಯಕ್ಕೆ ವಲಸೆಯಿಂದ ಲಾಭವಾಯಿತು ಎನ್ನಲು ಪುರಾವೆ ಸಿಗಲಿಲ್ಲ. ಹಾಗಂತ ಪ್ರತಿ ಮಗುವೂ ಕುಸಿಯುವುದಿಲ್ಲ. ಮನೆಯಲ್ಲಿ ಉಳಿದವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ತುಂಬಾ ನಿಂತಿರುತ್ತದೆ.

ಅವನ ಬಳಿ ಇನ್ನೊಂದು ವಿಷಯ ನೇರವಾಗಿ ಕೇಳಿದೆ: ಸತ್ತುಹೋಗಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂದು ದೊಡ್ಡವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಮನೆಯಲ್ಲೋ ಹೊರಗೋ ಯಾರಾದರೂ ಹೊಡೆಯುತ್ತಾರಾ, ಮುಟ್ಟಬಾರದ ಹಾಗೆ ಮುಟ್ಟುತ್ತಾರಾ ಅಂತಲೂ ಕೇಳಿದೆ. ಎರಡಕ್ಕೂ ಇಲ್ಲ ಎಂದ. ಒಂದಕ್ಕಾದರೂ ಹೌದು ಎಂದಿದ್ದರೆ ದಾರಿಯೇ ಬೇರೆ. ಮಕ್ಕಳ ಮನೋವೈದ್ಯರು, ರಕ್ಷಣೆಯ ವ್ಯವಸ್ಥೆ, ಅದೂ ಅವತ್ತೇ.

ಅಜ್ಜಿಗೆ ಮುಖ್ಯವಾಗಿ ಹೇಳಿದ್ದು ಎರಡು. "ಹಠ ಮಾಡಿದ್ರೆ ಅಪ್ಪ ಅಮ್ಮ ಬರಲ್ಲ" ಎಂಬ ಬೆದರಿಕೆ ಇವತ್ತಿಗೆ ನಿಲ್ಲಬೇಕು. ಹಾಸಿಗೆ ಪಕ್ಕಕ್ಕೇ ಹಾಕಿಕೊಂಡು, ಮಲಗುವ ಮುಂಚೆ ದಿನಾ ಒಂದು ಮಾತು ಹೇಳಬೇಕು: "ಈ ಮನೆಯಿಂದ ಯಾರು ಹೋದರೂ ನಿನ್ನನ್ನು ಎಬ್ಬಿಸಿ ಹೇಳಿಯೇ ಹೋಗ್ತಾರೆ." ಅಜ್ಜಿ ನಕ್ಕರು, ಆದರೆ ಮಾಡಿದರು. ತಂಗಿಯನ್ನು ನೋಡಿಕೊಳ್ಳುವ ಕೆಲಸ ಪೂರ್ತಿ ತಪ್ಪಿಸಬೇಡಿ ಎಂದೂ ಹೇಳಿದೆ. ಅದು ಅವನ ಹೆಮ್ಮೆ. ರಾತ್ರಿಯ ಪಾಳಿ ಮಾತ್ರ ಅಜ್ಜಿಯದು.

ಶಾಲೆಗೆ ಒಂದು ಚೀಟಿ ಬರೆದೆ. ತರಗತಿಯಲ್ಲಿ ಮಲಗಿದರೆ ಎದ್ದು ನಿಲ್ಲುವ ಶಿಕ್ಷೆ ಕೊಡಬೇಡಿ, ಮುಖ ತೊಳೆದು ಬಾ ಅನ್ನಿ.

ಕಷ್ಟವಾದದ್ದು ಹೆತ್ತವರ ಜೊತೆಗಿನ ಫೋನ್ ಮಾತು. ಅವರ ಕರೆಗಳು ಹೇಗಿರುತ್ತಿದ್ದವು ಎಂದು ಕೇಳಿದೆ. "ಊಟ ಆಯ್ತಾ, ಓದಿದ್ಯಾ, ಮಾರ್ಕ್ಸ್ ಎಷ್ಟು, ಅಜ್ಜಿ ಮಾತು ಕೇಳ್ತೀಯಾ." ನಾಲ್ಕು ಪ್ರಶ್ನೆ, ನಾಲ್ಕು ಉತ್ತರ, ಫೋನ್ ತಂಗಿಗೆ. ಹೊಟ್ಟೆ ನೋಯದೆ ಇದ್ದೀತೇ? ಕೇಳುವುದನ್ನು ಕಡಿಮೆ ಮಾಡಿ ನಿಮ್ಮ ದಿನವನ್ನು ಹೇಳಿ ಎಂದೆ. ಮಲಗುವ ಕೋಣೆ, ಕೆಲಸಕ್ಕೆ ಹೋಗುವ ದಾರಿ ತೋರಿಸಿ. ಐದು ನಿಮಿಷವಾದರೂ ಸಾಕು, ಹೇಳಿದ ಹೊತ್ತಿಗೆ ಮಾಡಿ. ರಜೆ ಖಚಿತವಾಗುವವರೆಗೆ ಬರುವ ದಿನ ಹೇಳಲೇಬೇಡಿ. "ಗೊತ್ತಿಲ್ಲ, ಗೊತ್ತಾದ ದಿನ ಮೊದಲು ನಿನಗೇ ಹೇಳ್ತೀವಿ" ಅನ್ನಿ.

ಇದಕ್ಕೆಲ್ಲ ಅಪ್ಪ ಹೂಂ ಎಂದರು. "ಮಲಗಿದ್ದಾಗ ಬಿಟ್ಟು ಹೋದದ್ದು ನಮ್ಮ ತಪ್ಪು ಅಂತ ಅವನಿಗೆ ಹೇಳಬೇಕು" ಎಂದಾಗ ಸುಮ್ಮನಾದರು. "ಮಗನ ಹತ್ರ ತಪ್ಪಾಯ್ತು ಅನ್ನೋದಾ?" ಹೌದು ಎಂದೆ. ಎರಡು ವಾರ ಹಿಡಿಯಿತು. ಹೇಳಿದ್ದು ಕೊನೆಗೆ ಅಪ್ಪನೇ. ಹುಡುಗ ಏನೂ ಅನ್ನಲಿಲ್ಲವಂತೆ. ಆದರೆ ಫೋನ್ ತಂಗಿಗೆ ಕೊಡಲೂ ಇಲ್ಲ.

ಮೂರು ತಿಂಗಳ ಮೇಲೆ ಅವರು ರಜೆಗೆ ಬಂದರು. ಅಮ್ಮನಿಗೆ ಮೊದಲೇ ಎಚ್ಚರಿಸಿದ್ದೆ: ಅವನು ಓಡಿಬಂದು ತಬ್ಬಿಕೊಳ್ಳದೇ ಇರಬಹುದು. 1950ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರಾದ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ ಹೆತ್ತವರಿಂದ ದೂರವಿದ್ದ ಪುಟ್ಟ ಮಕ್ಕಳಲ್ಲಿ ಇದನ್ನು ಗಮನಿಸಿದ್ದರು. ಮೊದಲು ರಂಪ, ಆಮೇಲೆ ಹತಾಶೆ, ಕೊನೆಗೆ ಬೇಕಿಲ್ಲವೆಂಬಂತೆ ದೂರ ಸರಿಯುವುದು. ದೊಡ್ಡ ಮಕ್ಕಳಲ್ಲೂ ಇದರ ನೆರಳು ಕಾಣುತ್ತೇನೆ. ಎರಡು ದಿನ ಹುಡುಗ ಅಮ್ಮನ ಮುಖ ನೋಡಲಿಲ್ಲ. ಮೂರನೇ ದಿನ ಅವಳ ಬ್ಯಾಗಿನ ಜಿಪ್ ಸರಿಮಾಡಿಕೊಟ್ಟ.

ಈ ಸಲ ಹೊರಟದ್ದು ಹಗಲು ಹೊತ್ತಿನಲ್ಲಿ. ಹುಡುಗ ಕೂಗಿ ಅತ್ತ, ವಾಂತಿ ಮಾಡಿಕೊಂಡ. ಸಂಜೆ ಅಜ್ಜಿ ಫೋನ್ ಮಾಡಿ ನನ್ನನ್ನು ಚೆನ್ನಾಗಿಯೇ ಬೈದರು. "ಇದಕ್ಕಾ ನಿಮ್ಮ ಸಲಹೆ?" ನನಗೂ ಒಂದು ಕ್ಷಣ ಅಳುಕಾಯಿತು. ಮರುದಿನ ಮತ್ತೆ ಅವರೇ ಫೋನ್ ಮಾಡಿದರು. ರಾತ್ರಿ ಒಂಬತ್ತಕ್ಕೆ ಮಲಗಿದವನು ಬೆಳಗಾದರೂ ಎದ್ದಿರಲಿಲ್ಲವಂತೆ.

ಎಲ್ಲ ರಾತ್ರಿಯೂ ಹಾಗಿಲ್ಲ. ಹೊಡೆದಾಟ ಕಡಿಮೆಯಾಗಿದೆ, ನಿಂತಿಲ್ಲ.

ಈಗ ವಾರಕ್ಕೊಮ್ಮೆ ಅಮ್ಮ ನನಗೆ ಕರೆ ಮಾಡುತ್ತಾರೆ, ಹುಡುಗನ ವಿಷಯಕ್ಕಲ್ಲ. ರಜೆಗೆ ಬಂದಾಗ ಚಿಕ್ಕವಳು ರಾತ್ರಿ ಎದ್ದು "ಅಮ್ಮಾ" ಎಂದು ಅತ್ತಳಂತೆ. ಇವರು ಎತ್ತಿಕೊಳ್ಳಲು ಹೋದರೆ ಮಗು ಕೈ ಚಾಚಿದ್ದು ಅಜ್ಜಿಯ ಕಡೆಗೆ.